ಎದುರು ಪಂಕ್ತಿಯ ಮ್ಯಾನೇಜರು

ನಮ್ಮೂರಿನಲ್ಲಿ ಮದುವೆಗೆ ಕರೆಯಲು ಬಂದವರು ಎರಡು ಬಗೆಯಲ್ಲಿ ಕರೆಯುತ್ತಾರೆ. ಬೇಕಾದವರಿಗೆ "ಮದುವಿಗೆ ಬರ್ರಿ" ಎನ್ನುತ್ತಾರೆ. ಬಹಳ ಬೇಕಾದವರಿಗೆ "ಎದುರಿಗೆ ಬರ್ರಿ" ಎನ್ನುತ್ತಾರೆ. ಮೂಡಣ ಕೇರಿಯಲ್ಲಿ ಮದುವೆಯಾದರೆ ಎದುರಿಗೆ ಕರೆಸಿಕೊಂಡವರು ಪಡುವಣ ಕೇರಿಗೆ ಹೋಗಿ, ಹಳೆಯ ಹತ್ತಿ ಗಿರಣಿಯ ಅಂಗಳದಲ್ಲಿ ಕೂರಬೇಕು. ಅವರಿಗೆ ಮದುಮಕ್ಕಳು ಕಾಣುವುದಿಲ್ಲ, ಅಕ್ಷತೆ ಹಾಕುವ ಭಾಗ್ಯವಿಲ್ಲ. ಆದರೆ ಊಟದ ಮೊದಲ ಪಂಕ್ತಿ ಅವರದು. ಹೋಳಿಗೆ ಅಲ್ಲಿಗೇ ಬಿಸಿಬಿಸಿಯಾಗಿ ಹೋಗುತ್ತದೆ, ತುಪ್ಪ ಒಂದು ಸುತ್ತು ಹೆಚ್ಚಾಗಿಯೇ ಬರುತ್ತದೆ. ಹಾಗೆ ಕೂರುವವರಿಲ್ಲದೆ ಜನ ಒಂದೇ ಕಡೆ ನೆರೆದರೆ ಊರು ಆ ಕಡೆಗೆ ವಾಲುತ್ತದೆ. ಬಹಳವೇನಲ್ಲ. ಸಾರು ಎಲೆ ದಾಟುವಷ್ಟು, ಭಟ್ಟರ ತೆಂಗಿನಕಾಯಿ ಉರುಳಿ ಬೀಗಿತ್ತಿಯ ಮಡಿಲು ಸೇರುವಷ್ಟು.

ನಮಗೆ ಇದೆಲ್ಲ ರೂಢಿ. ಚಹಾದ ಕಪ್ಪನ್ನು ನಾವು ಮುಕ್ಕಾಲು ಮಾತ್ರ ತುಂಬುತ್ತೇವೆ. ತಳ್ಳುಗಾಡಿಯವರು ಗಾಲಿಗೆ ಇಟ್ಟಿಗೆ ಕೊಡದೆ ತೂಕಕ್ಕೆ ಕೈ ಹಾಕುವುದಿಲ್ಲ. ಪ್ರತಿ ಮನೆಯ ಕಿಟಕಿಯಲ್ಲಿ ತಟ್ಟೆಯೊಳಗೊಂದು ನಿಂಬೆಹಣ್ಣು ಇರುತ್ತದೆ. ಅದು ಮೂಡಣಕ್ಕೆ ಉರುಳಿತೆಂದರೆ ಅತ್ತ ಯಾವುದೋ ಜಗಳ ಹತ್ತಿಕೊಂಡಿದೆ ಎಂದರ್ಥ. ಅತ್ತೆ ಸೊಸೆ ಇಬ್ಬರಿಗೂ ನೋಡುವ ಆಸೆ. ಆದರೆ ಒಬ್ಬರೇ ಹೋಗುತ್ತಾರೆ. ಇನ್ನೊಬ್ಬರು ಹಿತ್ತಿಲ ಕಡೆಗೆ ನಾಲ್ಕು ಹೆಜ್ಜೆ ನಡೆದು, ಮುಖ ಗಂಟು ಹಾಕಿಕೊಂಡು ನಿಲ್ಲುತ್ತಾರೆ. ನಮ್ಮ ಮುನಿಸಿಪಾಲಿಟಿ ಸದಸ್ಯರು ಆಗಾಗ ಪಕ್ಷ ಬದಲಿಸುವುದನ್ನು ಕಂಡು ಪರ ಊರಿನವರು ನಗುತ್ತಾರೆ. ನಾವು ಅದನ್ನು ಸಮಾಜಸೇವೆ ಎಂದೇ ತಿಳಿದಿದ್ದೇವೆ.

ಇಂಥ ಊರಿನಲ್ಲಿ ಆಟ ಬೆಳೆಯುವುದು ಕಷ್ಟ. ಇಲ್ಲಿ ಫುಟ್‌ಬಾಲ್ ಆಡಿದರೂ ಅದು ವಾಲಿಬಾಲೇ. ಆಟ ಚೆನ್ನಾಗಿದ್ದರೆ ಜನ ಸೇರುತ್ತಾರೆ, ಜನ ಸೇರಿದರೆ ಮೈದಾನ ವಾಲುತ್ತದೆ, ಮೈದಾನ ವಾಲಿದರೆ ಆಟ ಕೆಡುತ್ತದೆ. ಆಟ ಕೆಟ್ಟು ಜನ ಎದ್ದುಹೋದ ಮೇಲೆ ಮತ್ತೆ ಎಲ್ಲವೂ ಸಮ. ಆದ್ದರಿಂದ ನಮ್ಮ ಮೂಡಣ ಮೈದಾನದಲ್ಲಿ ಬಹುಕಾಲ ಸಪ್ಪೆ ಆಟಗಳಷ್ಟೇ ಉಳಿದುಕೊಂಡಿದ್ದವು.

ನಾನು, ಅಂದರೆ ವಿರೂಪಾಕ್ಷ, ಬಿ.ಕಾಂ. ಓದಿದವನು. ಹೆಸರಿಗೆ ತಕ್ಕಂತೆ ಊರಿನ ಎಲ್ಲರ ದನಿಯನ್ನೂ ವಿರೂಪ ಮಾಡುವವನು. ಯಾರದೇ ಮಾತನ್ನು ಒಮ್ಮೆ ಕೇಳಿದರೆ ಸಾಕು, ಅವರ ಕೆಮ್ಮು ಸಹಿತ ಹಿಂದಿರುಗಿಸುತ್ತೇನೆ. ಈ ವಿದ್ಯೆಗೆ ಸಂಬಳ ಕೊಡುವವರು ಸಿಗದೆ, ನಗರಕ್ಕೆ ಹೋಗಿ ಕ್ರೀಡಾ ನಿರ್ವಹಣೆ ಮತ್ತು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಒಂದು ಕೋರ್ಸು ಮಾಡಿಕೊಂಡು ಬಂದೆ. ನಮ್ಮ ಮೇಷ್ಟ್ರು ಭಾಸ್ಕರರಾಯರು ಮೂಗಿನಲ್ಲೇ ಪಾಠ ಮಾಡುತ್ತಿದ್ದರು. "ಪ್ರಾಜೆಕ್ಟಿಗೆ ಆದಿ ಇರಬೇಕು, ಅಂತ್ಯ ಇರಬೇಕು. ನಡುವೆ ಯಾರು, ಏನು, ಯಾವಾಗ ಅನ್ನೋದು ಗೊತ್ತಿರಬೇಕು. ಉಳಿದದ್ದು ಅದೃಷ್ಟ, ಅದು ಸಿಲಬಸ್ಸಿನಲ್ಲಿಲ್ಲ." ಅವರು ಕಲಿಸಿದ, ಕೆಲಸಗಳ ವೇಳಾಪಟ್ಟಿಯಾದ ಗ್ಯಾಂಟ್ ಚಾರ್ಟು ನಮ್ಮೂರಿಗೆ ಬರುವಷ್ಟರಲ್ಲಿ ಗಂಟು ಚಾರ್ಟಾಯಿತು, ರಿಸ್ಕ್ ರಿಜಿಸ್ಟರು ರಸ್ಕ್ ರಿಜಿಸ್ಟರಾಯಿತು. ಒಂದು ಪಾಠ ಮಾತ್ರ ನನ್ನ ಮನಸ್ಸಿನಲ್ಲಿ ನಾಟಿತ್ತು: ರಿಸೋರ್ಸ್ ಲೆವೆಲಿಂಗ್. ಇರುವ ಜನರನ್ನು ಒಂದೇ ಕಡೆ ಗುಡ್ಡೆ ಹಾಕದೆ ಸಮನಾಗಿ ಹಂಚುವುದು. ತರಗತಿಯಲ್ಲಿ ಎಲ್ಲರೂ ಆಕಳಿಸುತ್ತಿದ್ದಾಗ ನಾನೊಬ್ಬನೇ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಇದನ್ನು ಯಾರೋ ನಮ್ಮೂರು ನೋಡಿಯೇ ಬರೆದಿದ್ದಾರೆ ಎನ್ನಿಸಿತ್ತು.

ಬಂದ ವಾರದಲ್ಲೇ ಕಾಶವ್ವ ನನ್ನ ಮನೆಗೆ ಬಂದಳು. ಪಕ್ಕದ ಓಣಿಯ ಹುಡುಗಿ, ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು, ನಮ್ಮೂರ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದ ನಾಯಕಿ. ಅವಳು ರೊಟ್ಟಿ ಬಡಿದರೆ ಮೂರು ಮನೆಗೆ ಕೇಳುತ್ತದೆ, ಚೆಂಡು ಒದ್ದರೆ ಆರು ಮನೆಗೆ. ಕಂಕುಳಲ್ಲಿ ಹಾಲು ಕುಡಿಯುವ ಕೂಸಿತ್ತು.

"ವಿರುಪಣ್ಣಾ, ನೀ ಏನೋ ಮ್ಯಾನೇಜರ್ಕಿ ಕಲ್ತು ಬಂದೀಯಂತ."

"ಹೌದವಾ."

"ಹಂಗಾರ ನಮ್ಮ ಮೈದಾನ ಮ್ಯಾನೇಜ್ ಮಾಡು. ಸುತ್ತಿನ ಊರಾಗೆಲ್ಲ ಲೀಗ್ ಸುರು ಮಾಡ್ಯಾರ. ಸ್ವಂತ ಮೈದಾನ ಇದ್ದ ತಂಡಕ್ಕ ಅರ್ಧ ಆಟ ತಮ್ಮೂರಾಗ. ಇಲ್ದವ್ರಿಗೆ ಎಲ್ಲಾ ಆಟ ಪರ ಊರಾಗ. ಈ ಕೂಸು ಬಿಟ್ಟು ನಾ ಎಲ್ಲಿಗೆ ಹೋಗ್ಲಿ? ಊರಾಗ ಆಡ್ಸಿದ್ರ ಆಡ್ತೀನಿ, ಇಲ್ಲಾಂದ್ರ ನನ್ನ ಆಟ ಇಲ್ಲಿಗೆ ಮುಗೀತು."

ಲೀಗಿನ ಪರಿವೀಕ್ಷಕರು ಬಂದು ಮೈದಾನ ನೋಡುವವರಿದ್ದರು. ಪರ ಊರಿನ ತಂಡದೊಡನೆ ಒಂದು ಪರೀಕ್ಷಾ ಪಂದ್ಯ. ಗೆದ್ದರೂ ಸೋತರೂ ಚಿಂತೆಯಿಲ್ಲ. ಆದರೆ ಪಂದ್ಯ ಮುಗಿಯುವವರೆಗೆ ಮೈದಾನ ಸಮನಾಗಿರಬೇಕು. ಯಾರೂ ಮುಟ್ಟದೆ ಚೆಂಡು ತಾನಾಗಿ ಉರುಳಿತೋ, ಮೈದಾನ ರದ್ದು.

"ಜನಾ ಬರದಂಗ ಗೇಟ್ ಹಾಕಿಬಿಡೂಣೇನು?" ಎಂದೆ.

"ಜನಾ ಇಲ್ದಾಗ ಆಡಾಕ ಇದೇನು ಕಣ್ಣಮುಚ್ಚಾಲೆನೋ ಅಣ್ಣಾ?" ಎಂದಳು. ಕೂಸು ಕೂಡ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿತು.

ಹಾಗಾಗಿ ನನ್ನ ಯೋಜನೆ ಸರಳವಾಗಿತ್ತು. ಅರ್ಧ ಊರು ಮೂಡಣ ಮೈದಾನದಲ್ಲಿ ಪಂದ್ಯ ನೋಡಬೇಕು, ಇನ್ನರ್ಧ ಊರು ಪಡುವಣ ಗಿರಣಿ ಅಂಗಳದಲ್ಲಿ ಪಂದ್ಯಕ್ಕೆ ಬೆನ್ನು ಮಾಡಿ ಕೂರಬೇಕು. ಬೇರೆ ಊರುಗಳಲ್ಲಿ ವಾಲಂಟಿಯರ್ ಎಂದರೆ ಓಡಾಡುವವನು. ನಮ್ಮಲ್ಲಿ ಊರು ವಾಲದಂತೆ ಕೂರುವವನು. ಆದರೆ ಒಬ್ಬರೂ ಒಪ್ಪಲಿಲ್ಲ. ಮದುವೆಗೆ ಎದುರಿಗೆ ಕೂತರೆ ಹೋಳಿಗೆ ಬರುತ್ತದೆ, ಫುಟ್‌ಬಾಲಿಗೆ ಕೂತರೆ ಏನು ಬರುತ್ತದೆ?

ಕೊನೆಗೆ ಗಂಗವ್ವಾಯಿಯ ಬಳಿ ಹೋದೆ. ಎದುರು ಪಂಕ್ತಿಯ ಯಜಮಾನಿಕೆ ಅವಳದು. ಯಾವ ಮದುವೆಯಾದರೂ ಗಿರಣಿಯ ಕಟ್ಟೆ ಹತ್ತಿ "ಎದುರಿಗೆ ಬರ್ರೆಪ್ಪೋ, ಹೋಳಿಗಿ ಆರಿ ಹೊಂಟಾವು!" ಎಂದು ಅವಳು ಕೂಗಿದರೆ ಮೂಡಣದಲ್ಲಿ ಕೂತ ಅರ್ಧ ಜನ ತಮಗೇ ಅರಿವಿಲ್ಲದೆ ಎದ್ದು ನಿಲ್ಲುತ್ತಾರೆ.

"ಈ ಸಲ ನಾ ಕುಂದ್ರಾಕಿ ಅಲ್ಲ" ಎಂದಳು ಗಂಗವ್ವಾಯಿ, ನಶ್ಯದ ಡಬ್ಬಿ ಮುಚ್ಚುತ್ತ. "ಊರ ಮಂದಿ ಮದುವಿಗೆಲ್ಲಾ ಎದುರಿಗೆ ಕುಂತೀನಿ. ಒಂದ ಒಂದು ತಾಳಿ ಕಟ್ಟೂದು ನೋಡಿಲ್ಲ. ನನ್ನ ಮಗನ ಮದುವಿ ನಾ ನೋಡಿಲ್ಲೋ! ಸೊಸಿ ಮಾರಿ ನೋಡಿದ್ದು ಮರುದಿನ. ನೋಡಿದ್ರ ಬ್ಯಾಡ ಅಂತಿದ್ದೆ."

"ಆಯಿ, ನಾ ಅಲ್ಲೇ ನಿಂತು ಮೈಕಿನ್ಯಾಗ ಎಲ್ಲಾ ಹೇಳ್ತೀನಿ. ನೋಡಿದಂಗ ಆಗ್ತೈತಿ."

"ಕೇಳಿ ಕೇಳಿ ಕಿವಿ ಉದ್ದ ಆಗ್ಯಾವು, ಕಣ್ಣಿಗೇನು ಕೊಡ್ತಿ?" ಎಂದವಳು ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಆತು. ಕುಂದರ್ತೀನಿ. ಆದ್ರ ಕಡೀಗೊಂದು ಸಲ ನನಗೂ ನೋಡಾಕ ಬಿಡಬೇಕು. ಹೂಂ ಅನ್ನು" ಎಂದಳು.

ನಾನು ಹೂಂ ಎಂದೆ. ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ಹೂಂ ಅನ್ನಬಾರದು ಎಂದು ಭಾಸ್ಕರರಾಯರು ಒಂದು ಇಡೀ ಮಧ್ಯಾಹ್ನ ಹೇಳಿದ್ದರು. ಆ ಮಧ್ಯಾಹ್ನ ನಾನು ಹಿಂದಿನ ಬೆಂಚಿನಲ್ಲಿ ಅವರ ದನಿಯನ್ನೇ ಅಭ್ಯಾಸ ಮಾಡುತ್ತಿದ್ದೆ.

ಪಂದ್ಯದ ದಿನ ಪರಿವೀಕ್ಷಕ ಸೋಮಯಾಜಿಯವರು ಬಂದರು. ಗಾರೆ ಕೆಲಸದವರ ಹಾಗೆ ಕೈಯಲ್ಲಿ ಒಂದು ರಸಮಟ್ಟ ಹಿಡಿದಿದ್ದರು. ಅದನ್ನು ಮೈದಾನದ ನಡುವೆ ಇಟ್ಟು, ಮಂಡಿಯೂರಿ, ಗಾಜಿನೊಳಗಿನ ಗುಳ್ಳೆಯನ್ನು ದಿಟ್ಟಿಸಿ, "ನೋಡಿ ಇವರೇ, ಸದ್ಯಕ್ಕೆ ಸಮ ಇದೆ. ಸದ್ಯಕ್ಕೆ" ಎಂದರು. ಆ ಎರಡನೆಯ "ಸದ್ಯಕ್ಕೆ"ಯನ್ನು ನಾನು ಅಲ್ಲೇ ಕಿವಿಯಲ್ಲಿ ಕಟ್ಟಿಕೊಂಡು ಗಿರಣಿಗೆ ಓಡಿದೆ.

ಗಿರಣಿ ಅಂಗಳದಿಂದ ಮೈದಾನ ಕಾಣುವುದಿಲ್ಲ. ನಡುವೆ ಇಡೀ ಪೇಟೆ ಇದೆ. ಆದ್ದರಿಂದ ಕಾಶವ್ವನ ಗಂಡ ಮಲ್ಲೇಶಿಯನ್ನು ಗೋಲಿನ ಹತ್ತಿರ ನಿಲ್ಲಿಸಿದ್ದೆ. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಫೋನು. ಅವನು ನೋಡಿದ್ದನ್ನು ನನಗೆ ಹೇಳಬೇಕು, ನಾನು ಅದನ್ನು ಮೈಕಿನಲ್ಲಿ ಹೇಳಬೇಕು. ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ನಿಂಬೆಹಣ್ಣು. ಎದುರಿಗೆ ಅರ್ಧ ಊರು, ಮುಖ ಊದಿಸಿಕೊಂಡು.

ಮಲ್ಲೇಶಿ ಗೂಡ್ಸ್ ಆಟೋ ಹೊಡೆಯುವವನು. ಒಳ್ಳೆಯ ಮನುಷ್ಯ. ವರ್ಣನೆ ಅವನ ಜಾಯಮಾನವಲ್ಲ.

"ಬಾಲ್ ನಮ್ಮಾಕಿ ಕಡೆ ಐತಿ" ಎಂದ. ಆಮೇಲೆ, "ಈಗಿಲ್ಲ" ಎಂದ.

"ಯಾರ ಕಡೆ ಹೋತೋ?"

"ತಡೀಪಾ, ಕೂಸು ಅಂಗಿ ತೋಯಿಸ್ತು." ಫೋನಿನಲ್ಲಿ ದೊಡ್ಡ ಗದ್ದಲ ಕೇಳಿಸಿತು.

"ಏನಾತು? ಏನಾತಲೇ?"

"ಏನೋ ಆತು. ಎಲ್ಲಾರೂ ಎದ್ದು ನಿಂತ್ರು. ನನಗ ಕಾಣವಲ್ದು."

ಇಷ್ಟನ್ನು ಇಟ್ಟುಕೊಂಡು ನಾನು ಏನು ಹೇಳಲಿ? "ಚೆಂಡು ಕಾಶವ್ವನ ಬಳಿ ಇದೆ, ಈಗಿಲ್ಲ" ಎಂದೆ. ಜನ ಆಕಳಿಸಿದರು. ಒಬ್ಬ ಚಪ್ಪಲಿ ಮೆಟ್ಟಿಕೊಂಡ. ಇನ್ನೊಬ್ಬ "ಮೂತ್ರಕ್ಕ ಹೋಗಿ ಬರ್ತೀನಿ" ಎಂದು ಮೂಡಣದ ಕಡೆಗೇ ಹೊರಟ. ಗಿರಣಿಯ ಮೂತ್ರಿ ಪಡುವಣಕ್ಕಿದೆ. ನಿಂಬೆಹಣ್ಣು ತಟ್ಟೆಯಲ್ಲಿ ಮೆಲ್ಲಗೆ ಮಗ್ಗುಲು ಬದಲಿಸಿತು.

ಗಾಬರಿಯಲ್ಲಿ ನನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈ ಹಾಕಿದೆ. ಮೈಕಿನಲ್ಲಿ ಸೋಮಯಾಜಿಯವರ ದನಿ ಹೊರಟಿತು: "ನೋಡಿ ಇವರೇ, ಸದ್ಯಕ್ಕೆ ಸಮ ಇದೆ. ಸದ್ಯಕ್ಕೆ." ಜನ ನಕ್ಕರು. ಆಮೇಲೆ ನನ್ನ ಗಂಟಲಿನಲ್ಲೇ ಮುನಿಸಿಪಾಲಿಟಿ ಅಧ್ಯಕ್ಷರು ಬಂದರು, ಗೋಲಿನ ಕಂಬಕ್ಕೆ ಶಂಕುಸ್ಥಾಪನೆ ಮಾಡಿದರು. ಖಾನಾವಳಿಯ ಯಜಮಾನ ಬಂದು, ಕಾಶವ್ವ ಚೆಂಡು ಒದೆಯುವುದನ್ನು ಕಂಡು "ಆ ಬಲಾ ಹಿಟ್ಟಿನ ಮ್ಯಾಲ ತೋರ್ಸವಾ" ಎಂದ. ಹೊರಟವರು ಮರಳಿ ಬಂದರು. ಗಂಗವ್ವಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ನಿಂಬೆಹಣ್ಣು ತಟ್ಟೆಯ ನಡುವೆ ಬಂದು ಕೂತಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅರ್ಧ ಊರು ಒಟ್ಟಿಗೆ ನಗುವುದನ್ನು ಕೇಳಿದ ಮೇಲೆ ಬಾಯಿ ಮುಚ್ಚುವವನು ಮಿಮಿಕ್ರಿ ಮಾಡುವವನೇ ಅಲ್ಲ. ನಮ್ಮೂರಿನ ಒಬ್ಬೊಬ್ಬರನ್ನೇ ಮೈದಾನಕ್ಕೆ ಇಳಿಸಿದೆ. ದರ್ಜಿ ರೆಫರಿಯಾಗಿ ಆಟಗಾರರ ಅಳತೆ ತೆಗೆದ. ಭಟ್ಟರು ಆಫ್‌ಸೈಡಿಗೆ ಪ್ರಾಯಶ್ಚಿತ್ತ ಹೇಳಿದರು. ನಗೆ ಪೇಟೆ ದಾಟಿ ಮೈದಾನಕ್ಕೆ ಕೇಳಿಸಿತಂತೆ. ಅಲ್ಲಿ ಕೂತವರು, "ಅಲ್ಲೇನೋ ನಡದೈತಿ", "ನನ್ನ ದನಿ ಬಂತಲ್ಲೋ" ಎನ್ನುತ್ತ ಇತ್ತ ಬರತೊಡಗಿದರು. ಅಂಗಳ ತುಂಬಿತು. ನಾನು ಇನ್ನಷ್ಟು ಉಬ್ಬಿದೆ. ನಿಂಬೆಹಣ್ಣು ಪಡುವಣಕ್ಕೆ ಉರುಳಿ ಮೇಜಿನಿಂದ ಕೆಳಗೆ ಬಿದ್ದದ್ದು ನನಗೆ ಕಾಣಲೇ ಇಲ್ಲ.

ಫೋನಿನಲ್ಲಿ ಮಲ್ಲೇಶಿಯ ಬದಲು ಏದುಸಿರು ಕೇಳಿಸಿತು. ಅರ್ಧ ಆಟ ಮುಗಿದು, ಕಾಶವ್ವ ಗೋಲಿನ ಹಿಂದೆ ಕೂತು ಕೂಸಿಗೆ ಹಾಲೂಡುತ್ತಿದ್ದಳು.

"ವಿರುಪಣ್ಣಾ, ನಿನ್ನ ಬಾಯಿಗೆ ರೊಟ್ಟಿ ಹಿಟ್ಟು ಮೆತ್ತಲೇನು? ಚೆಂಡು ತಾನ ನಮ್ಮ ಗೋಲಿಗೆ ಓಡಾಕತ್ತಿತ್ತು. ಒಂದು ಗೋಲ್ ಆತು. ಆ ಸಾಹೇಬ್ರು ಯಾಕ ಅಂದ್ರು. ಗಾಳಿ ರೀ ಅಂದೆ. ಇನ್ನೊಮ್ಮಿ ಯಾರೂ ಮುಟ್ಟದ ಚೆಂಡು ಸರೀತಂದ್ರ ಮೈದಾನ ರದ್ದು ಅಂದಾರ."

"ಸುಮ್ನಾಗ್ತೀನವಾ."

"ಸುಮ್ನಾದ್ರ ಎಲ್ಲಾರೂ ಇಲ್ಲಿಗೆ ಬರ್ತಾರ! ನಾ ಆಡಿದಷ್ಟು ಆಡು. ಹೆಚ್ಚಿಗಿ ಆಡಬ್ಯಾಡ."

ಇಡೀ ಕೋರ್ಸಿನಲ್ಲಿ ಇಷ್ಟು ಚೊಕ್ಕವಾಗಿ ಯಾರೂ ನನಗೆ ಪಾಠ ಹೇಳಿರಲಿಲ್ಲ. ನನ್ನ ಮಾತು ಪಂದ್ಯದಷ್ಟೇ ಸ್ವಾರಸ್ಯವಾಗಿರಬೇಕು. ಗುಲಗಂಜಿಯಷ್ಟು ಹೆಚ್ಚಾದರೂ ಊರು ಇತ್ತ, ಕಡಿಮೆಯಾದರೂ ಊರು ಅತ್ತ. ಎರಡನೆಯ ಅರ್ಧದಲ್ಲಿ ನಾನು ಮಾಡಿದ್ದು ಮಿಮಿಕ್ರಿಯಲ್ಲ, ಒಲೆಯ ಉರಿ ನೋಡಿಕೊಳ್ಳುವ ಕೆಲಸ. ಕೆಳಗೆ ಬಿದ್ದಿದ್ದ ನಿಂಬೆಹಣ್ಣನ್ನು ಹುಡುಕಿ ತಟ್ಟೆಗಿಟ್ಟೆ. ಅದು ಇತ್ತ ಸರಿದರೆ ಎರಡು ಸಪ್ಪೆ ವಾಕ್ಯ, ಅತ್ತ ಸರಿದರೆ ಭಟ್ಟರ ಒಂದು ಕೆಮ್ಮು. ಒಳ್ಳೆಯ ಹಾಸ್ಯ ನಾಲಿಗೆಯ ತುದಿಗೆ ಬಂದಾಗ ಅದನ್ನು ನುಂಗುವುದು ಹಾಗಲಕಾಯಿ ನುಂಗಿದ ಹಾಗೆ. ಎಷ್ಟು ನುಂಗಿದೆನೋ ಲೆಕ್ಕವಿಲ್ಲ.

ಇನ್ನೇನು ಪಂದ್ಯ ಮುಗಿಯಿತು ಎನ್ನುವಾಗ ಮಲ್ಲೇಶಿ ಬದುಕಿನಲ್ಲೇ ಮೊದಲ ಸಲ ಒಂದು ಸುದ್ದಿಯನ್ನು ಸರಿಯಾಗಿ ಹೇಳಿದ: "ಪೆನಾಲ್ಟಿ! ನಮಗ! ನಮ್ಮಾಕಿ ಒದೀತಾಳ!" ಫೋನು ಮೈಕಿನ ಹತ್ತಿರವಿತ್ತು. ಅಂಗಳಕ್ಕೆಲ್ಲ ಕೇಳಿಸಿತು.

ಗಂಗವ್ವಾಯಿ ಎದ್ದಳು. "ನಾ ಹೊಂಟೆ. ಹೂಂ ಅಂದೀದಿ."

"ಆಯೀ, ಈಗ ಬ್ಯಾಡ! ಇನ್ನೊಂದು ಗಳಿಗಿ—"

"ಇನ್ನೊಂದು ಗಳಿಗಿ ಇನ್ನೊಂದು ಗಳಿಗಿ ಅಂತನ ಮಗನ ಮದುವಿ ಹೋತು" ಎಂದು ಆಕೆ ನಡೆದೇಬಿಟ್ಟಳು. ಅವಳು ಎದ್ದ ಮೇಲೆ ಎದುರು ಪಂಕ್ತಿಯಲ್ಲಿ ಕೂರುವವರು ಯಾರು? ಅರ್ಧ ಊರು ಅವಳ ಸೆರಗು ಹಿಡಿದಂತೆ ಹಿಂದೆ ಹೊರಟಿತು. ಅಂಗಳದಲ್ಲಿ ನಾನು, ಮೈಕು, ಮೂಡಣಕ್ಕೆ ಉರುಳುತ್ತಿರುವ ನಿಂಬೆಹಣ್ಣು.

"ಚೆಂಡು ನಿಂದ್ರವಲ್ದೋ" ಎಂದ ಮಲ್ಲೇಶಿ. "ರೆಫ್ರಿ ಇಟ್ಟು ಕೈ ಬಿಟ್ಟ ಕೂಡ್ಲೇ ಜರಗತೈತಿ. ನಮ್ಮಾಕಿ ಅದರ ಮ್ಯಾಲ ಕಾಲಿಟ್ಟು ಬೂಟಿನ ಲೇಸ್ ಕಟ್ಟಾಕತ್ತಾಳ. ಬಿಚ್ಚಿ ಮತ್ತ ಕಟ್ಟಾಕತ್ತಾಳ. ಸಾಹೇಬ್ರು ರಸಮಟ್ಟ ಹಿಡ್ಕೊಂಡು ಹೊಂಟಾರ."

ಯೋಚಿಸಲು ಹೊತ್ತಿರಲಿಲ್ಲ. ಕಂಬದ ಮೇಲಿನ ಮೈಕಿನ ಹಾರ್ನನ್ನು ಮೂಡಣಕ್ಕೆ ತಿರುಗಿಸಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟು ಮಾಡಿ, ಗಂಗವ್ವಾಯಿಯ ಗಂಟಲಿನಿಂದ ಕೂಗಿದೆ: "ಎದುರಿಗೆ ಬರ್ರೆಪ್ಪೋ! ಹೋಳಿಗಿ ಆರಿ ಹೊಂಟಾವು!"

ಫೋನನ್ನು ಕಿವಿಗೆ ಒತ್ತಿಕೊಂಡೆ. ಆಮೇಲೆ ಮಲ್ಲೇಶಿ, "ಯಾರ್ಯಾರೋ ಎದ್ರು... ಎಲ್ಲಾ ಹೊಂಟ್ರಲ್ಲೋ! ಏ ಕಾಕಾ, ಎಲ್ಲಿಗೆ? ಹೋಳಿಗಿ ಅಂತ" ಎಂದ.

ಪೇಟೆಯಲ್ಲಿ ಅಂದು ನಡೆದದ್ದನ್ನು ಅಂಗಡಿಯವರು ಇನ್ನೂ ಹೇಳುತ್ತಾರೆ. ರಸ್ತೆಯ ಎಡಗಡೆ ಅರ್ಧ ಊರು ಪೆನಾಲ್ಟಿ ನೋಡಲು ಮೂಡಣಕ್ಕೆ, ಬಲಗಡೆ ಅರ್ಧ ಊರು ಹೋಳಿಗೆಗೆ ಪಡುವಣಕ್ಕೆ. ತನ್ನದೇ ದನಿ ಹಿಂದಿನಿಂದ ಕರೆಯುವುದನ್ನು ಕೇಳಿ ಗಂಗವ್ವಾಯಿ ಒಮ್ಮೆ ನಿಂತು, "ನಾನಂತೂ ಹೋಗಂಗಿಲ್ಲ" ಎಂದು ತನಗೆ ತಾನೇ ಹೇಳಿ ಮುಂದೆ ನಡೆದಳಂತೆ.

ಬಂದವರು ಅಂಗಳದಲ್ಲಿ ನಿಂತು ಮೂಗರಳಿಸಿದರು. "ಹೋಳಿಗಿ ಎಲ್ಲಿ?" ಎಂದ ದರ್ಜಿ. ಅವರು ಈಗ ತಿರುಗಿದರೆ ಮುಗಿಯಿತು. ಯಾರ ದನಿಯಲ್ಲಿ ಬೇಡಿಕೊಳ್ಳಲಿ ಎಂದು ಹುಡುಕಿದೆ. ಅಧ್ಯಕ್ಷರದು ನಂಬುವಂಥದ್ದಲ್ಲ, ಭಟ್ಟರದು ದಕ್ಷಿಣೆ ಕೇಳಿದಂತಿರುತ್ತದೆ. ಬೇರೆ ಯಾವುದೂ ಬಾರದೆ ಹೇಳಿದೆ: "ಹೋಳಿಗಿ ಇಲ್ಲ. ಸುಳ್ಳು ಹೇಳಿದೆ. ನೀವು ಒಂದೀಟು ಕುಂತ್ರ ಕಾಶವ್ವನ ಚೆಂಡು ನಿಂದರ್ತೈತಿ. ಎದ್ರ ಆಕಿ ಆಟ ಇವತ್ತಿಗೆ ಮುಗೀತೈತಿ. ಅಷ್ಟ."

"ಇದು ಯಾರ ದನಿಯೋ?" ಎಂದ ದರ್ಜಿ.

"ಇದು ನಂದು."

"ಕೇಳಿ ಬಾಳ ವರ್ಷ ಆಗಿತ್ತು" ಎಂದು ಅವನು ನೆಲಕ್ಕೆ ಕೂತ. ಗೊಣಗುತ್ತ ಉಳಿದವರೂ ಕೂತರು.

ಫೋನಿನಲ್ಲಿ ಮಲ್ಲೇಶಿ ಪಿಸುಗುಟ್ಟಿದ: "ನಮ್ಮಾಕಿ ಕಾಲು ತಗದ್ಲು... ನಿಂತ್ತು. ನಿಂತ್ತೋ! ಅಲ್ಲಾಡವಲ್ದು!" ಅವನ ಹಿಂದೆ, ಬದುಕಿನಲ್ಲಿ ಮೊದಲ ಸಲ ಮುಂದಿನ ಸಾಲಿಗೆ ಬಂದ ಅರ್ಧ ಊರು ನಿಂತ ಚೆಂಡಿಗೆ ಕೇಕೆ ಹಾಕಿತು. ಗಂಗವ್ವಾಯಿ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳಂತೆ. ಆ ಸಿಳ್ಳೆಗೆ ಬೆಚ್ಚಿಬಿದ್ದ ಕಾಶವ್ವ ಒದ್ದ ಚೆಂಡು ಗೋಲಿನ ಮೇಲೆ ಹಾದು ಹುಣಸೆಮರ ಸೇರಿತು. ನಾವು ಸೋತೆವು. ಊರು ಕುಣಿಯಿತು.

ಸೋಮಯಾಜಿಯವರು ಗಿರಣಿಗೆ ಬಂದರು. "ನೋಡಿ ಇವರೇ, ಮೈದಾನ ಸಮ ಇದೆ. ಊರಿನ ಬಗ್ಗೆ ನಮ್ಮ ನಿಯಮಗಳಲ್ಲಿ ಏನೂ ಹೇಳಿಲ್ಲ. ಮಂಜೂರು." ಹೊರಟವರು ಹಿಂದಿರುಗಿ, ಅತ್ತಿತ್ತ ನೋಡಿ, ಫೋನು ತೆಗೆದರು. "ಆ 'ಸದ್ಯಕ್ಕೆ' ಅನ್ನೋದು ಇನ್ನೊಂದ್ಸಲ ಹೇಳ್ತೀರಾ? ಮನೆಯವರಿಗೆ ಕೇಳಿಸಬೇಕು."

ಗಂಗವ್ವಾಯಿ ಮಾತ್ರ ಮತ್ತೆ ಗಿರಣಿಯ ಕಟ್ಟೆ ಹತ್ತಲಿಲ್ಲ. "ಇಷ್ಟು ಛಂದ ಇರ್ತೈತಿ ಅಂತ ಯಾರೂ ಹೇಳೇ ಇಲ್ಲಲ್ಲೋ! ಇನ್ನ ಎಲ್ಲಾ ಆಟಕ್ಕ ನಾ ಮೂಡಣದಾಗ. ನನ್ನ ದನಿ ನಿನ್ನ ಹತ್ರ ಐತಲ್ಲ, ಯಜಮಾನ್ಕಿನೂ ನೀನ ಇಟ್ಕೋ" ಎಂದಳು. ಊರೂ ಒಪ್ಪಿತು. ಪ್ರೇಕ್ಷಕರನ್ನು ಅರ್ಧ ಆಟಕ್ಕೊಮ್ಮೆ ಅದಲುಬದಲು ಮಾಡುವ ಪದ್ಧತಿ ಅಂದಿನಿಂದ ಬಂತು. ಆದರೆ ಅದಲುಬದಲಾಗದೆ ಪಡುವಣದಲ್ಲೇ ಉಳಿಯಬೇಕಾದವನು ಒಬ್ಬ ಬೇಕಲ್ಲ. ಹೀಗೆ ಕ್ರೀಡಾ ನಿರ್ವಹಣೆ ಓದಿದ ನಾನು ನಮ್ಮೂರಿನಲ್ಲಿ ಒಂದೂ ಪಂದ್ಯ ನೋಡದ ಏಕೈಕ ಮನುಷ್ಯನಾದೆ.

ಪಂದ್ಯದ ದಿನದ ಸಂಜೆಯೇ ಕಾಶವ್ವ ಬಂದಳು. ಚೆಂಡು ಒಂದು ಕಂಕುಳಲ್ಲಿ, ಕೂಸು ಇನ್ನೊಂದರಲ್ಲಿ, ಹಿಂದೆ ಮಲ್ಲೇಶಿ.

"ಎಲ್ಲಾರೂ ನಿಂತ ಚೆಂಡಿಗೆ ಚಪ್ಪಾಳಿ ಹೊಡದ್ರು. ಅದು ಗೋಲಾಗಿಲ್ಲ ಅನ್ನೂದು ನನಗೊಬ್ಬಾಕಿಗೆ ಗೊತ್ತು. ಏಳು, ನಡಿ."

"ಎಲ್ಲಿಗೆ?"

"ಮೈದಾನಕ್ಕ. ನಾ ಒದಿಯೂದು ನೀ ಯಾವತ್ತರ ನೋಡೀಯೇನು?"

ನಾವು ನಾಲ್ವರಿಗೆ ಊರು ವಾಲುವುದಿಲ್ಲ. ಮೈದಾನ ಖಾಲಿ ಇತ್ತು, ಬಿಸಿಲು ಕೆಂಪಾಗಿತ್ತು. ನನ್ನನ್ನು ಗೋಲಿನಲ್ಲಿ ನಿಲ್ಲಿಸಿ ಅವಳು ಚೆಂಡಿಟ್ಟಳು. ಕಂಬದಿಂದ ಕಂಬಕ್ಕೆ ಅಷ್ಟು ಅಗಲವಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅವಳು ನಾಲ್ಕು ಹೆಜ್ಜೆ ಹಿಂದೆ ಸರಿದಳು, ಸೆರಗು ಬಿಗಿದಳು, ಓಡಿ ಬಂದಳು. ನಾನು ನೋಡಿದ್ದು ಅಷ್ಟೇ. ಚೆಂಡು ನನ್ನ ಹೊಟ್ಟೆಗೆ ಬಡಿದು, ನನ್ನನ್ನೂ ಕರೆದುಕೊಂಡು ಬಲೆಯೊಳಗೆ ಹೋಯಿತು. ಅಂಗಾತ ಬಿದ್ದು ಗೋಲ್ ಎಂದು ಕೂಗಲು ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ, ನನ್ನದೂ.

ಕಾಶವ್ವ ಬಲೆಯೊಳಗೆ ಬಗ್ಗಿ ಚೆಂಡು ಎತ್ತಿಕೊಂಡಳು. ನಗುತ್ತಿದ್ದಳು.

"ಏಳಣ್ಣಾ" ಎಂದಳು. "ಹೊತ್ತು ಇನ್ನಾ ಮುಳುಗಿಲ್ಲ."